ಬಿಳಿ ಎಸಳಿಲ್ಲದ ಹೂವು

ಝರ್ಕಾ
1997 ಜೂನ್ 9

ಮಾವನವರಿಗೆ ನುಹಾಳ ಸಲಾಮು.

ನನ್ನ ನೆನಪು ನಿಮಗಿದೆಯೋ ಇಲ್ಲವೋ. ನಿಮ್ಮ ಅಕ್ಕ ಫಿದ್ದಾ ಅವರ ಸೊಸೆ, ಹಾಯಿಲ್ ಅವರ ಹೆಂಡತಿ. ನಮ್ಮ ಮದುವೆಗೆ ನೀವು ಇರ್ಬಿದ್‌ನಿಂದ ಬಸ್ಸಿನಲ್ಲಿ ಬಂದಿದ್ದಿರಿ. ಊಟದ ನಡುವೆ ಎದ್ದು ಹೋಗಿ ಡೇರೆಯ ಹಗ್ಗದ ಹತ್ತಿರ ಯಾವುದೋ ಗಿಡ ಕಿತ್ತು ರುಮಾಲಿನಲ್ಲಿ ಕಟ್ಟಿಕೊಂಡಿರಿ. "ನನ್ನ ತಮ್ಮನಿಗೆ ಅನ್ನ ಬಡಿಸಿದ್ರೆ ಮೇಯೋಕೆ ಹೋಗ್ತಾನೆ" ಎಂದು ಅತ್ತೆ ಎಲ್ಲರನ್ನೂ ನಗಿಸಿದ್ದರು.

ನಮ್ಮ ಮಗಳು ವಸ್ಮಿಯಾ ಏಪ್ರಿಲ್ ಕೊನೆಯಲ್ಲಿ ತೀರಿಕೊಂಡ ಸುದ್ದಿ ನಿಮಗೆ ಮುಟ್ಟಿರಬೇಕು. ಹಿಂಗಾರಿನ ಮೊದಲ ಮಳೆಯಲ್ಲಿ ಹುಟ್ಟಿದಳೆಂದು ಆ ಮಳೆಯ ಹೆಸರನ್ನೇ ಅತ್ತೆ ಅವಳಿಗೆ ಇಟ್ಟಿದ್ದರು. ಆರು ತಿಂಗಳಾಗಿತ್ತು. ಹೊಟ್ಟೆ ಊದಿಕೊಂಡಿತು. ಮಆನ್‌ನಿಂದ ಅಮ್ಮಾನ್‌ಗೆ ಕರೆದುಕೊಂಡು ಹೋದೆವು. ಲಿವರ್‌ನ ಸಣ್ಣ ರಕ್ತನಾಳಗಳು ಮುಚ್ಚಿಹೋಗಿವೆ ಎಂದರು ಡಾಕ್ಟರು. "ಮಗುವಿಗೆ ಏನಾದ್ರೂ ಸೊಪ್ಪು, ಬೇರು ಕುಡಿಸ್ತಿದ್ರಾ?" ಎಂದು ಕೇಳಿದರು. ಹೊಟ್ಟೆನೋವಿಗೆ ಬಾಬೂನಜ್ ಹೂವಿನ ಕಷಾಯ ಎಂದೆ. "ಬಾಬೂನಜ್‌ನಿಂದ ಹೀಗಾಗಲ್ಲಮ್ಮ. ಅದರಲ್ಲಿ ಬೇರೆ ಏನೋ ಸೇರಿದೆ" ಎಂದರು.

ಆ ಸಂಜೆ ಅತ್ತೆ ಮಗುವಿನ ಬಟ್ಟೆ ತರಲು ಊರಿಗೆ ಹೋದರು. ಮರುದಿನ ಬಂದವರೇ ಆಸ್ಪತ್ರೆಯ ಮೊಗಸಾಲೆಯಲ್ಲಿ ಎಲ್ಲರೆದುರು ನಿಂತು ಹೇಳಿದರು: "ಆ ಹೂವು ಕಿತ್ತವಳು ನಾನು. ಒಣಗಿಸಿ ಡಬ್ಬಿಗೆ ತುಂಬಿದವಳೂ ನಾನು. ಸೊಸೇನ ಯಾರೂ ಏನೂ ಕೇಳಬೇಡಿ." ಅಷ್ಟು ಹೇಳಿ ನೆಲದ ಮೇಲೆ ಕೂತರು.

ಮಣ್ಣಾದ ಮೇಲೆ ಅಪ್ಪ ನನ್ನನ್ನು ಇಲ್ಲಿಗೆ ಕರೆತಂದರು. ಎರಡೂ ಕಡೆಯ ಹಿರಿಯರು ಕೂತರು. ಕೇಳಿದ್ದಕ್ಕೆ ಒಪ್ಪುವವರೆಗೆ ನಮ್ಮವರು ಕಾಫಿ ಮುಟ್ಟಲಿಲ್ಲವಂತೆ. ಕೊನೆಗೆ ಆದ ತೀರ್ಮಾನ ಇದು. ಆ ಹೂವು ಏನೆಂದು ತಿಳಿಯುವವರೆಗೆ ನಾನು ತವರಲ್ಲೇ ಇರಬೇಕು. ಅದು ವಿಷವಾಗಿದ್ದರೆ ಒಂದೋ ಅತ್ತೆ ಆ ಮನೆ ಬಿಡಬೇಕು, ಇಲ್ಲವೇ ಹಾಯಿಲ್ ನನ್ನನ್ನು ಬಿಡಬೇಕು. ಗಿಡಮರಗಳ ಗುರುತು ಹಿಡಿಯುವುದೇ ನಿಮ್ಮ ಕೆಲಸವಾದ್ದರಿಂದ ಹೂವಿನ ಗುರುತು ಹೇಳಲು ಎರಡೂ ಕಡೆಯವರು ಒಪ್ಪಿದ ಹೆಸರು ನಿಮ್ಮದೊಂದೇ. "ಅವ್ವಾದ್ ಅಕ್ಕನ ಸಲುವಾಗಿಯೂ ಸುಳ್ಳು ಹೇಳೋನಲ್ಲ" ಎಂದು ನಿಮ್ಮ ಕಡೆಯವರು ಹೇಳಿದಾಗ ಅಪ್ಪ ತಲೆಯಾಡಿಸಿದರಂತೆ.

ಹಾಯಿಲ್ ಡಬ್ಬಿ ತಂದುಕೊಟ್ಟಿದ್ದಾರೆ. ಅದರಲ್ಲಿ ಉಳಿದದ್ದರ ಅರ್ಧ ನಿಮಗೆ ಕಳಿಸುತ್ತಿದ್ದೇನೆ. ಅರ್ಧ ನನ್ನ ಹತ್ತಿರ ಇದೆ. ಮದುವೆಯಾದ ಮೊದಲ ವಸಂತದಲ್ಲಿ ನಾನೂ ಒಂದು ಚೀಲ ಹೂವು ಕಿತ್ತಿದ್ದೆ. ಅದು ಆ ಬೇಸಿಗೆಯಲ್ಲೇ ಬಂದ ನೆಂಟರಿಗೆಲ್ಲ ಕಾಸಿ ಮುಗಿಯಿತು ಎಂದು ಅತ್ತೆ ಹೇಳಿದ್ದಾರೆ. ಆದ್ದರಿಂದ ಡಬ್ಬಿಯಲ್ಲಿರುವುದು ಅವರು ಕಿತ್ತದ್ದೇ.

ಇದು ಯಾವ ಹೂವು? ಅಷ್ಟು ತಿಳಿಸಿದರೆ ಸಾಕು.

ನನಗೆ ಇನ್ನೂ ಅಳು ಬಂದಿಲ್ಲ. ಅಮ್ಮನಿಗೆ ಅದೇ ಚಿಂತೆ. ಬೆಂಡೆಕಾಯಿ ಹೆಚ್ಚುತ್ತೇನೆ, ಬಟ್ಟೆ ಒಗೆಯುತ್ತೇನೆ. ಹಾಯಿಲ್ ವಾರಕ್ಕೊಮ್ಮೆ ಫಾಸ್ಫೇಟ್ ಲಾರಿಯನ್ನು ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ ಬರುತ್ತಾರೆ. ಅಂಗಳದಲ್ಲಿ ಕೂತು ಟೀ ಕುಡಿದು ಹೋಗುತ್ತಾರೆ.

ನಿಮ್ಮ ಸೊಸೆ,
ನುಹಾ

*

ಇರ್ಬಿದ್
1997 ಜೂನ್ 22

ಅಕ್ಕ,

ನುಹಾ ಹೂವು ಕಳಿಸಿದ್ದಾಳೆ. ಅವಳಿಗೆ ಉತ್ತರ ಬರೆಯುವ ಮೊದಲು ನಿನಗೆ ಬರೆಯುತ್ತಿದ್ದೇನೆ. ಇದನ್ನು ಬೇರೆಯವರಿಂದ ಓದಿಸಬೇಡ. ಹೆಂಗಸರ ಶಾಲೆಯಲ್ಲಿ ಕಲಿತ ಅಕ್ಷರ ಸಾಕು, ನಿಧಾನವಾಗಿ ನೀನೇ ಓದು.

ಪೊಟ್ಟಣ ಬಿಚ್ಚಿದಾಗ ಬಿಳಿ ನವಿರು ಹಾರಿ ನನ್ನ ಕನ್ನಡಕಕ್ಕೆ ಅಂಟಿತು. ಬಾಬೂನಜ್‌ಗೆ ನವಿರಿಲ್ಲ ಎಂಬುದು ನಿನಗೆ ಗೊತ್ತು. ಹೂಗಳನ್ನು ನೀರಿನಲ್ಲಿ ನೆನೆಸಿ ಒಂದೊಂದನ್ನೇ ಉದ್ದಕ್ಕೆ ಸೀಳಿ ನೋಡಿದೆ. ಎರಡು ಜಾತಿಯ ಹೂಗಳಿವೆ. ಎರಡೂ ಸೇವಂತಿಗೆಯ ಬಳಗದವೇ, ಎರಡೂ ಹಳದಿ ಗುಂಡಿಯಂತಿವೆ, ಎರಡಕ್ಕೂ ಸುತ್ತ ಎಸಳಿಲ್ಲ. ಒಂದು ನಮ್ಮ ಬಾಬೂನಜ್. ಇನ್ನೊಂದನ್ನು ಅವ್ವ ನರೆಮುದುಕಿ ಅನ್ನುತ್ತಿದ್ದಳು.

ನಾನು ಚಿಕ್ಕವನಿದ್ದಾಗ ಆ ಗಿಡವನ್ನು ಕುರಿಮರಿಗಳ ಹತ್ತಿರ ತಂದಿದ್ದೆ. ನೀನು ಕೈಮೇಲೆ ಹೊಡೆದು, ಮರಳಿನಲ್ಲಿ ಉಜ್ಜಿ ಉಜ್ಜಿ ತೊಳೆಸಿದೆ. ಇವತ್ತಿಗೂ ಆ ಗಿಡವನ್ನು ಒಣಗಿಸಲು ಕಾಗದದ ನಡುವೆ ಒತ್ತಿಡುವಾಗ ನನಗೆ ಆ ಏಟು ನೆನಪಾಗುತ್ತದೆ.

ಇನ್ನೊಂದು ವಿಷಯ. ಬಾಬೂನಜ್ ಹೂಗಳಲ್ಲಿ ಒಣಹಳ್ಳದ ಹಳದಿ ಮರಳಿದೆ. ನರೆಮುದುಕಿಯ ಹೂಗಳಲ್ಲಿ ಕಪ್ಪು ಚೂರುಗಳಿವೆ. ಹಳೆಯ ಉಗಿಬಂಡಿಗಳು ಉದುರಿಸಿ ಹೋದ ಕಲ್ಲಿದ್ದಲ ಕಿಟ್ಟ ಅದು. ಅದು ಇರುವುದು ರೈಲುದಿಬ್ಬದಲ್ಲಿ. ಅಲ್ಲಿ ಊರ ಗಂಡಸರು ಬಹಿರ್ದೆಸೆಗೆ ಕೂರುತ್ತಾರೆಂದು ನೀನು ಆ ಕಡೆಯ ಹುಲ್ಲನ್ನು ಕತ್ತೆಗೂ ಹಾಕುವವಳಲ್ಲ.

ಇದನ್ನು ಕಿತ್ತವರು ಯಾರು?

ನಿನ್ನ ತಮ್ಮ,
ಅವ್ವಾದ್

*

ಮಆನ್
1997 ಜುಲೈ 5

ತಮ್ಮಾ ಅವ್ವಾದ್,

ಅಕ್ಷರ ಸೊಟ್ಟಗಿದ್ರೆ ನಗಬೇಡ. ಟೀಚರಮ್ಮ ಪೂರ್ತಿ ಕಲಿಸೋ ಮುಂಚೆ ಗಂಡು ಹೆತ್ತು ಹೊರಟುಹೋದಳು.

ನಾನೇ ಕಿತ್ತಿದ್ದು. ಹಂಗೇ ಬರಿ.

ನಿನಗೆ ಮಾತ್ರ ಹೇಳ್ತೀನಿ. ಅವಳು ಬಂದ ಹೊಸದು. ಪೇಟೆ ಹುಡುಗಿ. ಟೀ ಪೊಟ್ಟಣದ ಮೇಲಿನ ಚಿತ್ರ ನೋಡಿದವಳು. ಬಿಳಿ ಎಸಳಿಲ್ದೆ ಬಾಬೂನಜ್ ಎಲ್ಲಿರುತ್ತೆ ಅತ್ತೆ ಅಂದಳು. ನಾನು ನಕ್ಕೆ. ಅದು ಪೇಟೆಯವರದ್ದು ಕಣೇ, ನಮ್ಮದಕ್ಕೆ ಎಸಳಿಲ್ಲ, ಹಳದಿ ಗುಂಡಿ ನೋಡು, ಕಿತ್ತು ಚೀಲಕ್ಕೆ ಹಾಕು ಅಂದೆ. ಅಷ್ಟೇ ಹೇಳಿದ್ದು. ಬಿಳಿ ಎಸಳೇ ಹುಡುಕ್ಕೊಂಡು ಹೋಗಿದ್ರೆ ಏನೂ ಸಿಗದೆ ಖಾಲಿ ಚೀಲ ತರ್ತಿದ್ದಳು. ಅದನ್ನ ಬಿಡಿಸಿದವಳು ನಾನು. ಉಜ್ಜಿ ಮೂಸು ಅಂತ ಹೇಳಲಿಲ್ಲ. ನೀರು ಹೆಂಗೆ ಕುಡೀಬೇಕು ಅಂತ ಯಾರಾದ್ರೂ ಸೊಸೆಗೆ ಹೇಳಿಕೊಡ್ತಾರಾ?

ಮಧ್ಯಾಹ್ನ ಚೀಲ ತುಂಬಿಕೊಂಡು ಬಂದಳು. ಮೂಗು ಬಿಸಿಲಿಗೆ ಕೆಂಪಾಗಿತ್ತು. ಪಕ್ಕದ ಮನೆಯ ಉಮ್ಮು ಜದ್‌ಆನ್, ಏನೇ ಫಿದ್ದಾ, ಸೊಸೇನ ಬಂದ ಹೊಸದರಲ್ಲೇ ಮೇಯೋಕೆ ಬಿಟ್ಟಿದೀಯಾ ಅಂದಳು. ನಾನು ಹೆಮ್ಮೆಯಿಂದ ಆ ಚೀಲಾನ ನನ್ನ ಡಬ್ಬಿಗೇ ಸುರಿದೆ. ನೋಡಲಿಲ್ಲ. ಕಣ್ಣಿಗೆ ಪೊರೆ ಬಂದಿದೆ ಅನ್ನೋದು ಸುಳ್ಳಲ್ಲ. ಆದ್ರೆ ಮೂಗಿಗೆ ಪೊರೆ ಬಂದಿರಲಿಲ್ಲ.

ಬಟ್ಟೆ ತರೋಕೆ ಬಂದ ಸಂಜೆ ಡಬ್ಬಿ ತೆಗೆದೆ. ನವಿರು ಮುಖಕ್ಕೆ ಹಾರಿತು. ಆಗ ಗೊತ್ತಾಯ್ತು.

ನಾನು ಗಂಡನ್ನ ಮಣ್ಣು ಮಾಡಿದೀನಿ. ಎರಡು ಮಕ್ಕಳನ್ನೂ ಮಣ್ಣು ಮಾಡಿದೀನಿ. ಅದನ್ನ ಹೊತ್ಕೊಂಡು ಬದುಕಬಹುದು. ಇದನ್ನ ಆ ಹುಡುಗಿ ಹೊರಲಾರಳು.

ಊರಲ್ಲಿ ಹಸುಗೂಸಿಗೆ ಹೊಟ್ಟೆ ಉಬ್ಬರಿಸಿದ್ರೆ ನನ್ನ ಕರೀತಿದ್ರು. ಈಗ ಕರೆಯಲ್ಲ. ಬಂದವರು ಟೀ ಗ್ಲಾಸ್ ಹಿಡ್ಕೊಂಡು ಕೂತು ಹಂಗೇ ಇಟ್ಟು ಹೋಗ್ತಾರೆ. ಇರಲಿ. ನನಗೆ ವಯಸ್ಸಾಯ್ತು.

ನೀನು ಸುಳ್ಳು ಬರೆಯೋದು ಬೇಡ. ವಿಷ ಅಂತಲೇ ಬರಿ. ಕೈ ಯಾರದ್ದು ಅಂತ ಅವಳು ಕೇಳಿಲ್ಲವಲ್ಲ, ನೀನೂ ಹೇಳಬೇಡ.

ಫಿದ್ದಾ

*

ಇರ್ಬಿದ್
1997 ಜುಲೈ 19

ಮಗಳೇ ನುಹಾ,

ತಡವಾಗಿ ಬರೆಯುತ್ತಿದ್ದೇನೆ. ಮಗುವಿನ ವಿಷಯದಲ್ಲಿ ನನಗೆ ಹೇಳಲು ತಿಳಿಯದು. ನೀನು ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತೇನೆ.

ನೀನು ಕಳಿಸಿದ್ದರಲ್ಲಿ ಎರಡು ಹೂಗಳಿವೆ. ನಾವು ಒಂದು ಹೂವು ಅನ್ನುವುದು ಈ ಬಳಗದಲ್ಲಿ ಒಂದಲ್ಲ, ಹತ್ತಾರು ಕಿರುಹೂಗಳು ಒತ್ತಿಕೊಂಡಿರುವ ಗುಂಪು. ಮೇಲಿಂದ ನೋಡಿದರೆ ಈ ಎರಡೂ ಒಂದೇ ಥರ ಕಾಣುತ್ತವೆ. ಅರ್ಧಕ್ಕಿಂತ ಹೆಚ್ಚು ಬಾಬೂನಜ್. ಅದನ್ನು ಸೀಳಿದರೆ ಒಳಗೆ ಗೋಪುರದಂತೆ ಎದ್ದಿರುತ್ತದೆ, ಗೋಪುರ ಟೊಳ್ಳು. ಬೀಜಕ್ಕೆ ಕೂದಲಿಲ್ಲ. ಇನ್ನೊಂದನ್ನು ಸೀಳಿದರೆ ಒಳಗೆ ಚಪ್ಪಟೆ. ಹೂವಿನ ಬುಡದ ಸುತ್ತ ಹಸಿರು ಎಲೆಕಡ್ಡಿಗಳು ಬೇಲಿಯಂತೆ ಒಂದೇ ಸಾಲಿನಲ್ಲಿ ನಿಂತಿರುತ್ತವೆ, ತುದಿ ಕಪ್ಪು. ಬೀಜಕ್ಕೆ ಬಿಳಿ ನವಿರು. ಕಿತ್ತ ಮೇಲೂ ಡಬ್ಬಿಯೊಳಗೇ ಬಲಿತು ನವಿರು ಬಿಡುತ್ತದೆ.

ಹಸಿಯಾಗಿದ್ದಾಗ ಉಜ್ಜಿ ಮೂಸಿದರೆ ಬಾಬೂನಜ್ ಮಾಗಿದ ಸೇಬಿನ ವಾಸನೆ ಕೊಡುತ್ತದೆ. ಇನ್ನೊಂದಕ್ಕೆ ಬರೀ ಹಸಿರು ವಾಸನೆ.

ಈ ಎರಡನೆಯದು ಲಿವರ್‌ಗೆ ವಿಷ. ದೊಡ್ಡವರು ಒಮ್ಮೆ ಕುಡಿದರೆ ಏನೂ ತಿಳಿಯದು. ಹಸುಗೂಸಿಗೆ ದಿನವೂ ಕೊಟ್ಟರೆ ಡಾಕ್ಟರು ಹೇಳಿದ ಹಾಗೆಯೇ ಆಗುತ್ತದೆ. ಕುದಿಸಿದರೆ ವಿಷ ಹೋಗುವುದಿಲ್ಲ.

ಈ ಕಾಗದವನ್ನು ಹಿರಿಯರ ಮುಂದೆ ಓದಬಹುದು. ಇದರಲ್ಲಿ ಬರೆದದ್ದೆಲ್ಲ ನಿಜ.

ನಿನ್ನ ಮಾವ,
ಅವ್ವಾದ್

*

ಝರ್ಕಾ
1997 ಆಗಸ್ಟ್ 16

ಮಾವನವರಿಗೆ,

ನಿಮ್ಮ ಕಾಗದವನ್ನು ಓದಿದರು. ಅತ್ತೆ ಎದುರಾಡದೆ ಒಪ್ಪಿದರಂತೆ. ಕುವೈರಾದಲ್ಲಿರುವ ಮಗಳ ಮನೆಗೆ ಹೋಗುತ್ತಾರೆ, ಚಳಿಗಾಲಕ್ಕೆ ಮೊದಲು. ಆಮೇಲೆ ನಾನು ಮಆನ್‌ಗೆ ಹೋಗಬಹುದು. ಅಪ್ಪ ಹೊಸ ಟ್ರಂಕು ತಂದಿದ್ದಾರೆ. ಎಲ್ಲರೂ ಇದನ್ನು ಮುಗಿದ ವಿಷಯ ಎನ್ನುತ್ತಾರೆ.

ನಾನು ಒಂದನ್ನು ಕೇಳಬೇಕು. ಹೂವನ್ನು ನೋಡಿ ಅದು ಎಲ್ಲಿ ನಿಂತಿತ್ತು ಎಂದು ಹೇಳಲು ಬರುತ್ತದೆಯೇ?

ಅತ್ತೆ ಯಾವಾಗಲೂ ಕೀಳುವುದು ಒಣಹಳ್ಳದಲ್ಲಿ. ನಾನು ಆ ವಸಂತದಲ್ಲಿ ಹೋದಾಗ ಹಳ್ಳದಲ್ಲಿ ಇನ್ನೂ ಕೆಸರಿತ್ತು. ಕಾಲಿಗೆ ಮದುವೆಯ ಚಪ್ಪಲಿ. ಅದಕ್ಕೇ ಅರ್ಧ ದಾರಿಗೆ ತಿರುಗಿ ರೈಲುದಿಬ್ಬ ಹತ್ತಿದೆ. ಅಲ್ಲಿ ತುಂಬ ಹೂವಿತ್ತು. ಎಲ್ಲ ಹಳದಿ ಗುಂಡಿಗಳು. ಇಷ್ಟು ಹತ್ತಿರ ಇರುವಾಗ ಅತ್ತೆ ಯಾಕೆ ಅಷ್ಟು ದೂರ ಹೋಗುತ್ತಾರೆ ಅಂದುಕೊಂಡೆ.

ವಾಸನೆಯ ವಿಷಯ ಬರೆದಿದ್ದೀರಿ. ಅವತ್ತು ನನ್ನ ಕೈಗೆ ಯಾವ ವಾಸನೆ ಹತ್ತಿತ್ತೋ ಗೊತ್ತಿಲ್ಲ. ಆಗಷ್ಟೇ ಬಸಿರು ನಿಂತಿತ್ತು, ಎಲ್ಲ ವಾಸನೆಗೂ ವಾಕರಿಕೆ ಬರುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಿತ್ತೆ.

ಆ ಬೇಸಿಗೆಯಲ್ಲಿ ಬಂದ ನೆಂಟರು ಯಾರೆಂದು ಹಾಯಿಲ್ ಅವರನ್ನು ಕೇಳಿದೆ. "ಯಾರು ಬಂದಿದ್ರು? ಯಾರೂ ಬಂದಿರಲಿಲ್ಲವಲ್ಲ" ಎಂದರು. ಯಾಕೆ ಕೇಳ್ತೀಯ ಎಂದರು. ಸುಮ್ಮನೆ ಎಂದೆ.

ಅತ್ತೆಯಿಂದ ಒಂದು ಮಾತೂ ಬಂದಿಲ್ಲ.

ನುಹಾ

*

ಇರ್ಬಿದ್
1997 ಅಕ್ಟೋಬರ್ 28

ಮಗಳೇ ನುಹಾ,

ಉತ್ತರಕ್ಕೆ ಇಷ್ಟು ತಡವಾದದ್ದಕ್ಕೆ ಕ್ಷಮಿಸು. ಕೆಲಸವಿತ್ತು.

ಹೂವಿನ ನಡುವೆ ಸಿಕ್ಕಿಕೊಂಡ ಮಣ್ಣಿನಿಂದ ಜಾಗ ಹೇಳಲು ಬರುತ್ತದೆ. ಎರಡೂ ಹೂಗಳಲ್ಲಿ ಇರುವುದು ಒಣಹಳ್ಳದ ಹಳದಿ ಮರಳು. ಬೇರೇನೂ ಇಲ್ಲ.

ಅಕ್ಕನ ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿದೆ. ಆಪರೇಷನ್ ಮಾಡಿಸು ಎಂದು ನಾನೇ ಹೇಳುತ್ತಿದ್ದೆ.

ನಿನ್ನ ಹತ್ತಿರ ಇರುವ ಉಳಿದರ್ಧವನ್ನು ಸುಟ್ಟುಬಿಡು. ಮಕ್ಕಳಿರುವ ಮನೆಯಲ್ಲಿ ಅಂಥದ್ದು ಇರಬಾರದು.

ನಿನ್ನ ಮಾವ,
ಅವ್ವಾದ್

*

ಮಆನ್
1998 ಜನವರಿ 20

ತಮ್ಮಾ,

ನಾನು ಕುವೈರಾಕ್ಕೆ ಹೋಗಲಿಲ್ಲ. ಹಾಸಿಗೆ ಸುತ್ತಿ ಬಾಗಿಲಲ್ಲಿಟ್ಟು ಕೂತಿದ್ದೆ. ಹಾಯಿಲ್ ಲಾರಿಯಿಂದ ಇಳಿದ, ಅವನ ಹಿಂದೆ ನುಹಾ ಇಳಿದಳು. ಹಾಸಿಗೆ ಎತ್ತಿಕೊಂಡು ಒಳಗೆ ಹೋದಳು. ಬಿಚ್ಚಿ ಹಾಸಿದಳು.

ಅಪ್ಪನ ಹತ್ತಿರ ಹೇಳಿ ಬಂದಳಂತೆ. ಅತ್ತೆ ಆ ಮನೇಲಿ ಇದ್ರೆ ಹೋಗ್ತೀನಿ, ಇಲ್ಲದಿದ್ರೆ ಇಲ್ಲೇ ಇರ್ತೀನಿ ಅಂದಳಂತೆ. ಆ ಮನುಷ್ಯ ಕೂಗಾಡಿದ್ದಾನೆ. ನಿನ್ನ ಮಗೂನ ಕೊಂದವಳು ಅಂದಿದ್ದಾನೆ. ಇವಳು ಟ್ರಂಕಿಗೆ ಬೀಗ ಹಾಕ್ಕೊಂಡು ಬಂದಿದ್ದಾಳೆ.

ಮೊನ್ನೆ ಉಮ್ಮು ಜದ್‌ಆನ್ ಬಂದಿದ್ದಳು. ಟೀ ಕೊಟ್ಟೆ. ಎಂದಿನಂಗೆ ಕೈಯಲ್ಲಿ ಹಿಡ್ಕೊಂಡು ಕೂತಳು. ಆರೋವರೆಗೂ ಹಿಡಿದಿದ್ದು ಚಾಪೆ ಮೇಲಿಟ್ಟಳು. ನುಹಾ ಆ ಗ್ಲಾಸ್ ಎತ್ತಿ ಅವಳೆದುರೇ ಪೂರ್ತಿ ಕುಡಿದಳು. ಆಮೇಲೆ, ಇನ್ನೊಂದು ಕಾಸ್ಲಾ ಅತ್ತೆ, ಇವರದ್ದು ಆರಿಹೋಗಿತ್ತು ಅಂದಳು. ಉಮ್ಮು ಜದ್‌ಆನ್ ಎರಡನೇ ಗ್ಲಾಸ್ ಕುಡಿದೇ ಎದ್ದಳು.

ಅವಳಿಗೆ ಏನೂ ಗೊತ್ತಿಲ್ಲ. ನೀನು ಬರೆದಿದ್ದು ಒಳ್ಳೇದಾಯ್ತು. ಏನು ಬರೆದೆ ಅಂತ ನಾನು ಕೇಳಲ್ಲ.

ಬೆಳಿಗ್ಗೆ ಎದ್ದರೆ ನನ್ನ ಕಣ್ಣು ಹಾಳಾಯ್ತು ಅಂತ ಗೊಣಗ್ತೀನಿ. ಹೌದು ಅತ್ತೆ ಅಂತಾಳೆ. ಅಷ್ಟೇ ನಮ್ಮ ಮಾತು.

ಈ ಸಲ ಮಳೆ ಚೆನ್ನಾಗಿದೆ.

ಫಿದ್ದಾ

*

ಮಆನ್
1998 ಮಾರ್ಚ್ 14

ಮಾವನವರಿಗೆ ನುಹಾಳ ಸಲಾಮು.

ಅಕ್ಟೋಬರಿನ ನಿಮ್ಮ ಕಾಗದಕ್ಕೆ ನಾನು ಉತ್ತರ ಬರೆದಿರಲಿಲ್ಲ.

ಅದು ಬಂದ ದಿನ ನನ್ನ ಹತ್ತಿರವಿದ್ದ ಅರ್ಧವನ್ನು ಬಿಳಿ ತಟ್ಟೆಗೆ ಸುರಿದು ಹೂಗಳನ್ನು ಬೇರೆ ಮಾಡಿದೆ. ನೀವು ಬರೆದಂತೆಯೇ ಬ್ಲೇಡಿನಿಂದ ಸೀಳಿದೆ. ಟೊಳ್ಳು ಗೋಪುರದವನ್ನು ಒಂದು ಕಡೆ ಇಟ್ಟೆ, ಚಪ್ಪಟೆಯವನ್ನು ಇನ್ನೊಂದು ಕಡೆ. ಚಪ್ಪಟೆಯವನ್ನು ತಟ್ಟೆಗೆ ಕೊಡವಿದಾಗ ಕಪ್ಪು ಚೂರುಗಳು ಉದುರಿದವು. ಬೆರಳಿನಿಂದ ಉಜ್ಜಿದೆ, ಮಸಿಯಾಯಿತು. ದಿಬ್ಬದಿಂದ ಇಳಿದ ದಿನ ನನ್ನ ಮದುವೆಯ ಚಪ್ಪಲಿಗೂ ಅದೇ ಮಸಿ ಹತ್ತಿತ್ತು. ತೊಳೆದರೂ ಹೋಗಿರಲಿಲ್ಲ.

ನೀವು ಅಕ್ಕನ ಸಲುವಾಗಿಯೂ ಸುಳ್ಳು ಹೇಳುವವರಲ್ಲ ಎಂದು ಎಲ್ಲರೂ ಒಪ್ಪಿದ್ದರು. ಆ ಎರಡು ಸಾಲು ಬರೆಯಲು ನಿಮಗೆ ಯಾಕೆ ಅಷ್ಟು ತಿಂಗಳು ಬೇಕಾಯಿತು ಎಂದು ಆಗ ತಿಳಿಯಿತು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಯಾರ ಮೇಲೂ ಏನೂ ಅನ್ನಿಸುತ್ತಿಲ್ಲ.

ಅಪ್ಪನಿಗೆ ಹೇಳಲು ಹೋದೆ. ಪತ್ರಿಕೆ ಓದುತ್ತಿದ್ದರು. "ಏನಮ್ಮಾ?" ಎಂದರು. ಟೀ ಬೇಕಾ ಎಂದು ಕೇಳಿ ಬಂದೆ. ಹೇಳಿದ್ದರೆ ಅತ್ತೆ ಆಸ್ಪತ್ರೆಯಲ್ಲಿ ಎಲ್ಲರೆದುರು ನಿಂತು ಹೇಳಿದ ಮಾತು ಏನಾಗುತ್ತಿತ್ತು? ಅವರು ಅದಕ್ಕಾಗಿ ಊರನ್ನೇ ಕಳೆದುಕೊಂಡಿದ್ದಾರೆ. ಅದನ್ನು ಅವರ ಕೈಯಿಂದ ಕಿತ್ತುಕೊಂಡರೆ ಅವರಿಗೆ ಏನು ಉಳಿಯುತ್ತದೆಂದು ನನಗೆ ಗೊತ್ತಾಗಲಿಲ್ಲ. ಅವರನ್ನು ಬಿಟ್ಟು ಆ ಮನೆಯಲ್ಲಿರಲೂ ಆಗುವುದಿಲ್ಲ. ಹಾಗಾಗಿ ಬಂದೆ. ಇದು ಸರಿಯೋ ತಪ್ಪೋ ನೀವು ಬರೆಯಬೇಡಿ.

ಇವತ್ತು ಬೆಳಿಗ್ಗೆ ಅತ್ತೆ ಚೀಲ ತೆಗೆದುಕೊಂಡರು. "ಬಾ" ಎಂದರು. ಒಂದು ಚೀಲ ನನಗೂ ಕೊಟ್ಟರು. ಹಳ್ಳದಲ್ಲಿ ನೀರು ಹರಿದು ಹೋಗಿದೆ, ದಡವೆಲ್ಲ ಹಳದಿ. ಅತ್ತೆ ಕೂತು ಒಂದು ಗುಂಡಿ ಕಿತ್ತು ಹೆಬ್ಬೆರಳಿನಿಂದ ಉಜ್ಜಿ ನನ್ನ ಮೂಗಿನ ಕೆಳಗೆ ಹಿಡಿದರು.

"ಮೂಸು."

ಮೂಸಿದೆ. ಸೇಬು.

"ಇದು" ಎಂದರು.

ಚೀಲ ತುಂಬಿದ ಮೇಲೆ ಮನೆಯ ದಾರಿ ಹಿಡಿಯಲಿಲ್ಲ. ರೈಲುದಿಬ್ಬದ ಕಡೆ ನಡೆದರು. ಅವರು ಅಲ್ಲಿಗೆ ಕಾಲಿಟ್ಟದ್ದನ್ನು ನಾನು ಈ ಮೊದಲು ನೋಡಿರಲಿಲ್ಲ. ಮಂಡಿ ಹಿಡಿದುಕೊಂಡು ಹತ್ತಿದರು, ನಾನು ತೋಳು ಹಿಡಿದೆ. ಮೇಲೆ ನಿಂತು ತಡಕಿ ಒಂದು ಗುಂಡಿ ಕಿತ್ತರು. ಕಣ್ಣಿಗೆ ಹತ್ತಿರ ಹಿಡಿದರು, ಉಜ್ಜಿದರು, ತಾವು ಮೊದಲು ಮೂಸಿದರು. ಆಮೇಲೆ ನನ್ನ ಮೂಗಿನ ಕೆಳಗೆ ಹಿಡಿದರು.

ಹುಲ್ಲಿನ ವಾಸನೆ. ಅಷ್ಟೇ.

"ಇದಲ್ಲ."

"ಗೊತ್ತಾಯ್ತು ಅತ್ತೆ."

ಅವರು ನನ್ನ ಮುಖ ನೋಡಿದರು. ಪೊರೆ ಬಂದ ಕಣ್ಣಿಗೆ ಎಷ್ಟು ಕಂಡಿತೋ ಗೊತ್ತಿಲ್ಲ. ಆಮೇಲೆ ಕೆಳಗೆ ಇಳಿದು, ನನ್ನ ಎರಡೂ ಕೈಗಳನ್ನು ಹಿಡಿದು ಮರಳಿನಲ್ಲಿ ಉಜ್ಜಿ ಉಜ್ಜಿ ತೊಳೆಸಿದರು. ಬೆರಳ ಸಂದುಗಳನ್ನೂ ಬಿಡಲಿಲ್ಲ. ನಾನು ತೊಳೆಸಿಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಈಗ ಹೂವು ಚಾವಣಿಯ ಮೇಲೆ ಒಣಗುತ್ತಿದೆ. ಅತ್ತೆ ಅದರ ಪಕ್ಕದಲ್ಲಿ ಕೂತು ಒಂದೊಂದನ್ನೇ ಮೂಗಿಗೆ ಹಿಡಿದು ಆಮೇಲೆ ಬಟ್ಟೆಯ ಮೇಲೆ ಇಡುತ್ತಿದ್ದಾರೆ. ನಾನು ಮೂಸಿದವನ್ನೂ ಮತ್ತೆ ಮೂಸುತ್ತಾರೆ. ಅವರು ಮೂಸಿದವನ್ನು ನಾನೂ ಮೂಸುತ್ತೇನೆ. ಇದನ್ನು ಯಾರು ಕುಡಿಯುತ್ತಾರೆಂದು ನಾವು ಮಾತಾಡಿಲ್ಲ.

ನುಹಾ